ಸೆಲೆಕ್ಟ್ ಆಗದ ಹೀರೊ

‘ಈಗ ಏನ್ ಮಾಡ್ಕೊಂಡಿದೀಯಪ್ಪಾ?’

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಊರಿನ ಮದುವೆ ಮನೆಯಲ್ಲಿ ಎದುರಾಗುವ ಈ ಪ್ರಶ್ನೆಗಿಂತ ದೊಡ್ಡ ವಿಲನ್ ಇಲ್ಲ. ಕಳೆದ ವರ್ಷ ನಾನು ‘ಬೆಂಗಳೂರಲ್ಲಿ ಒಂದು ಕಂಪನಿಯಲ್ಲಿದ್ದೀನಿ’ ಎಂದು ಸುಳ್ಳು ಹೇಳಿ, ಊಟಕ್ಕೂ ನಿಲ್ಲದೆ ಬಸ್ ಹತ್ತಿದ್ದೆ. ನಿಜವಾಗಿ ಆಗ ನಾನು ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅದೇ ದಿನಗಳಲ್ಲಿ ಮೊಬೈಲ್‌ನಲ್ಲಿ ಆಡುತ್ತಿದ್ದ ಹಳೆಯ ಜಪಾನಿ ಗೇಮ್‌ನ ಹೀರೊ ಕೂಡ ಇಂಥದೇ ಸುಳ್ಳಿನ ಮೇಲೆ ನಿಂತವನು ಎಂದು ಗೊತ್ತಾದಾಗ ಬೆಚ್ಚಿಬಿದ್ದೆ.

ಆ ಗೇಮ್ ‘ಫೈನಲ್ ಫ್ಯಾಂಟಸಿ 7’. ಜಪಾನಿನ ಸ್ಕ್ವೇರ್ ಕಂಪನಿ 1997ರ ಜನವರಿಯಲ್ಲಿ ಪ್ಲೇಸ್ಟೇಷನ್‌ಗಾಗಿ ಮೂರು ಸಿ.ಡಿ.ಗಳಲ್ಲಿ ಹೊರತಂದ ರೋಲ್ ಪ್ಲೇಯಿಂಗ್ ಗೇಮ್. ನಿರ್ದೇಶಕ ಯೋಶಿನೊರಿ ಕಿತಾಸೆ. ಇದರ ಮಾತು ಬಂದರೆ ಎಲ್ಲರೂ ನೆನೆಯುವುದು ಹೂ ಮಾರುವ ಹುಡುಗಿ ಏರಿತ್ ಸಾಯುವ ದೃಶ್ಯವನ್ನು. ಒಪ್ಪಿದೆ, ಅಲ್ಲಿ ಕಣ್ಣು ಒದ್ದೆಯಾಗುತ್ತದೆ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ದೃಶ್ಯ ಎರಡನೇ ಡಿಸ್ಕ್‌ನಲ್ಲಿದೆ. ಹೀರೊ ಕ್ಲೌಡ್ ತನ್ನ ತಂಡದ ಮುಂದೆ ನಿಂತು, ತಾನು ಯಾವತ್ತೂ ಸೋಲ್ಜರ್ ಆಗಿರಲೇ ಇಲ್ಲ ಎಂದು ಒಪ್ಪಿಕೊಳ್ಳುವ ದೃಶ್ಯ ಅದು.

ಕ್ಲೌಡ್ ನಿಬಲ್‌ಹೈಮ್ ಎಂಬ ಬೆಟ್ಟದ ಊರಿನ ಹುಡುಗ. ಒಂದು ರಾತ್ರಿ ಪಕ್ಕದ ಮನೆಯ ಟೀಫಾಳನ್ನು ನೀರಿನ ಟ್ಯಾಂಕ್ ಬಳಿ ಕರೆದು, ಮಿಡ್‌ಗಾರ್ ನಗರಕ್ಕೆ ಹೋಗಿ ಸೆಫಿರಾತ್‌ನಂಥ ಸೋಲ್ಜರ್ ಆಗುತ್ತೇನೆ ಎನ್ನುತ್ತಾನೆ. ಸೋಲ್ಜರ್ ಎಂದರೆ ಶಿನ್ರಾ ಎಂಬ ಬಲಾಢ್ಯ ವಿದ್ಯುತ್ ಕಂಪನಿಯ ವಿಶೇಷ ಪಡೆ. ಗೇಮ್ ಶುರುವಾಗುವಾಗ ಅವನು ‘ಮಾಜಿ ಸೋಲ್ಜರ್, ಫಸ್ಟ್ ಕ್ಲಾಸ್’. ದೊಡ್ಡ ಕತ್ತಿ, ಗತ್ತಿನ ಮಾತು.

ಆದರೆ ಅವನು ಸೆಲೆಕ್ಟ್ ಆಗಿರಲೇ ಇಲ್ಲ! ಶಿನ್ರಾದ ಸಾಮಾನ್ಯ ಪೇದೆಯಾಗಿದ್ದ. ಸೆಫಿರಾತ್ ಮತ್ತು ಝ್ಯಾಕ್ ಎಂಬ ಇಬ್ಬರು ಸೋಲ್ಜರ್‌ಗಳ ಜೊತೆ ಡ್ಯೂಟಿ ಮೇಲೆ ಸ್ವಂತ ಊರಿಗೇ ಹೋದಾಗಲೂ, ಟೀಫಾಳ ಎದುರು ಮುಖ ತೋರಿಸಲಾಗದೆ ಹೆಲ್ಮೆಟ್‌ನೊಳಗೇ ಅಡಗಿ ನಿಂತಿದ್ದ. ಮುಂದೆ ಶಿನ್ರಾ ವಿಜ್ಞಾನಿಯ ಪ್ರಯೋಗಗಳಿಗೆ ಸಿಕ್ಕಿ ಅವನ ನೆನಪು ಚೂರಾಗುತ್ತದೆ. ಅವನನ್ನು ಅಲ್ಲಿಂದ ಪಾರು ಮಾಡಿ ಕರೆತಂದ ಝ್ಯಾಕ್, ಮಿಡ್‌ಗಾರ್ ಹೊರವಲಯದಲ್ಲಿ ಗುಂಡೇಟಿಗೆ ಸಾಯುತ್ತಾನೆ. ಕ್ಲೌಡ್ ಅವನ ಕತ್ತಿಯ ಜೊತೆಗೆ ಅವನ ಕಥೆಯನ್ನೂ ತನ್ನದೆಂದು ನಂಬಿಬಿಡುತ್ತಾನೆ.

ಮನಸ್ಸು ಮುರಿದವನ ಭ್ರಮೆಯನ್ನು ಸುಳ್ಳು ಎನ್ನಬಹುದೇ ಎಂದು ನೀವು ಕೇಳಬಹುದು. ಸರಿ, ಆದರೆ ಆ ಹೆಲ್ಮೆಟ್? ಅದನ್ನು ತೆಗೆಯದೇ ಇದ್ದದ್ದು ಅವನ ಮನಸ್ಸು ನೆಟ್ಟಗಿದ್ದಾಗಲೇ. ನಾಚಿಕೆ ಮೊದಲು ಬಂತು, ಭ್ರಮೆ ಆಮೇಲೆ.

ಈ ಕಥೆಯಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು. ಸೆಫಿರಾತ್ ಹುಚ್ಚೆದ್ದು ಊರನ್ನೇ ಸುಟ್ಟ ದಿನ, ಫಸ್ಟ್ ಕ್ಲಾಸ್ ಸೋಲ್ಜರ್ ಝ್ಯಾಕ್ ಅವನೆದುರು ಸೋತು ಬಿದ್ದಿದ್ದ. ಸೆಫಿರಾತ್‌ನನ್ನು ರಿಯಾಕ್ಟರ್‌ನ ಆಳಕ್ಕೆ ಎಸೆದು ತಡೆದವನು ಆ ಹೆಸರಿಲ್ಲದ ಪೇದೆ, ಕ್ಲೌಡ್. ಅಂದರೆ ಅವನ ಬದುಕಿನ ಅತಿ ದೊಡ್ಡ ಸಾಧನೆ ಇದ್ದದ್ದು ಅವನು ಮುಚ್ಚಿಟ್ಟ ಪುಟದಲ್ಲೇ! ಸೋಲನ್ನು ಹೂಳುವಾಗ ಅದರ ಜೊತೆ ಗೆಲುವನ್ನೂ ಹೂತುಬಿಟ್ಟಿದ್ದ.

ನಮ್ಮಲ್ಲಿ ಎಷ್ಟು ಜನ ಇದನ್ನೇ ಮಾಡುತ್ತಿಲ್ಲ? ‘ಕೆಲಸ ಸಿಗದ ಎರಡು ವರ್ಷ’ ಎಂದು ನಾಚಿ ಅಳಿಸಿಹಾಕುವ ದಿನಗಳಲ್ಲೇ ಯಾರೋ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡಿರುತ್ತಾರೆ, ಯಾರೋ ಮಕ್ಕಳಿಗೆ ಟ್ಯೂಷನ್ ಹೇಳಿರುತ್ತಾರೆ. ಅದೆಲ್ಲ ಲೆಕ್ಕಕ್ಕಿಲ್ಲವೇ?

ಟೀಫಾಳಿಂದಲೂ ಕಲಿಯುವುದಿದೆ. ಕ್ಲೌಡ್‌ನ ಮಾತು ತನ್ನ ನೆನಪಿಗೆ ತಾಳೆಯಾಗುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೆದರಿ ಸುಮ್ಮನಿದ್ದಳು. ಕೊನೆಗೆ ಅವನ ಜೊತೆ ಕೂತು ಒಂದೊಂದೇ ನೆನಪನ್ನು ಜೋಡಿಸಲು ನೆರವಾದವಳೂ ಅವಳೇ. ಸತ್ಯ ಕೇಳಿದ ಮೇಲೆ ತಂಡದವರು ಅವನನ್ನು ಬಿಟ್ಟು ಹೋಗಲಿಲ್ಲ. ಅವರೇನು ಗೆದ್ದವರೇ? ಸಿಡ್‌ನ ರಾಕೆಟ್ ಹಾರದೆ ನಿಂತಿತ್ತು. ರಿಯಾಕ್ಟರ್ ಬರಲಿ ಎಂದು ಬ್ಯಾರೆಟ್ ವಾದಿಸಿದ್ದ ಊರು ಬೂದಿಯಾಗಿತ್ತು.

ನಿಜ ಹೇಳಿದರೆ ಕೆಲಸ ಸಿಕ್ಕಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ನನಗಿನ್ನೂ ಸಿಕ್ಕಿಲ್ಲ. ಆದರೆ ರೆಸ್ಯೂಮೆಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಈಗ ಹಾರ್ಡ್‌ವೇರ್ ಅಂಗಡಿಯ ಲೆಕ್ಕದ ಕೆಲಸವನ್ನು ಬರೆದಿದ್ದೇನೆ. ಮೊನ್ನೆ ಇನ್ನೊಂದು ಮದುವೆಯಲ್ಲಿ ಅದೇ ಪ್ರಶ್ನೆ ಬಂತು. ‘ಇನ್ನೂ ಹುಡುಕ್ತಾ ಇದೀನಿ ಮಾವ, ಎರಡು ಇಂಟರ್‌ವ್ಯೂ ಆಗ್ಲಿಲ್ಲ’ ಎಂದೆ.

‘ಆಗುತ್ತೆ ಬಿಡು. ನಡಿ, ಪಂಕ್ತಿ ಶುರುವಾಯ್ತು’ ಎಂದರು. ಈ ಸಲ ಊಟ ಮಾಡಿಯೇ ಬಸ್ ಹತ್ತಿದೆ.