ಬೂತಿನ ಕಾರ್ಯಕರ್ತನಿಗೂ ಒಂದು ಮಾತಿದೆ

ಸಂಪಾದಕರಿಗೆ,



ಬರಲಿರುವ ಚುನಾವಣೆಗಾಗಿ ಪ್ರತಿಯೊಂದು ಬೂತಿನಲ್ಲಿಯೂ ಕಾರ್ಯಕರ್ತರ ಪಡೆಯನ್ನು ಸಜ್ಜುಗೊಳಿಸಬೇಕೆಂದೂ, ಮತದಾರರ ಪಟ್ಟಿಯ ಪುಟಕ್ಕೊಬ್ಬ ಹೊಣೆಗಾರನನ್ನು ನೇಮಿಸಬೇಕೆಂದೂ, ಮನೆಮನೆಯ ಸಂಪರ್ಕವನ್ನು ಗೊತ್ತುಪಡಿಸಿದ ದಿನದೊಳಗೆ ಮುಗಿಸಿ ವರದಿ ಒಪ್ಪಿಸಬೇಕೆಂದೂ ನಾನು ಸದಸ್ಯನಾಗಿರುವ ಪಕ್ಷದ ನಾಯಕರು ಅಪ್ಪಣೆ ಕೊಡಿಸಿರುವ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಉಳಿದ ಪಕ್ಷಗಳಲ್ಲಿಯೂ ಇದೇ ಮಾತು ಬೇರೆ ಬೇರೆ ಹೆಸರುಗಳಲ್ಲಿ ನಡೆಯುತ್ತಿರುವುದರಿಂದ, ನನ್ನದು ಯಾವ ಪಕ್ಷವೆಂದು ಇಲ್ಲಿ ಬರೆಯುವ ಅಗತ್ಯವನ್ನು ಕಾಣೆ.

ಸಂಘಟನೆ ಬೇಡವೆನ್ನುವವನು ನಾನಲ್ಲ. ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಮತಗಟ್ಟೆಯಲ್ಲಿ ಮೂವತ್ತು ವರ್ಷಗಳಿಂದ ಪಕ್ಷದ ಏಜೆಂಟನಾಗಿ ಕುಳಿತಿರುವ ನಾನು, ಬಹಿರಂಗ ಸಭೆಯ ಜನಸ್ತೋಮವನ್ನು ನಂಬಿ ಗೆದ್ದೇ ಬಿಟ್ಟೆವೆಂದುಕೊಂಡ ಅಭ್ಯರ್ಥಿಗಳು ಎಣಿಕೆಯ ದಿನ ಮಧ್ಯಾಹ್ನದೊಳಗೆ ಬಾಡಿದ ಮುಖದಿಂದ ಮನೆಗೆ ಮರಳಿದ್ದನ್ನೂ, ಸದ್ದಿಲ್ಲದೆ ಮನೆ ಬಾಗಿಲಿಗೆ ಹೋಗಿ ಜಗಲಿಯ ಮೇಲೆ ಕುಳಿತು ಮಾತನಾಡಿದ ನಾಲ್ಕು ಜನರಿಂದ ಒಂದು ಕೇರಿಯ ಮತವೇ ತಿರುಗಿದ್ದನ್ನೂ ಕಂಡವನು. ನನ್ನ ಆಕ್ಷೇಪ ಬೇರೆ. ಕಾರ್ಯಕರ್ತನ ಕಾಲ್ನಡಿಗೆಯನ್ನೂ, ಅವನ ಮೇಲೆ ಊರಿಗಿರುವ ವಿಶ್ವಾಸವನ್ನೂ ಬೇಡುವ ಪಕ್ಷವು, ಅಭ್ಯರ್ಥಿ ಯಾರಾಗಬೇಕೆಂಬ ವಿಚಾರದಲ್ಲಿ ಅವನ ಅಭಿಪ್ರಾಯವನ್ನು ಒಮ್ಮೆಯಾದರೂ ಬೇಡದೆ ಇರುವುದು ಅನ್ಯಾಯ. ಅದು ನ್ಯಾಯವಾಗುವ ತನಕ ಎಷ್ಟು ಬೂತ್ ಸಮಿತಿಗಳನ್ನು ರಚಿಸಿದರೂ ಅವು ಕಾಗದದ ಮೇಲೆಯೇ ಉಳಿಯುತ್ತವೆ.

ಬೂತಿನ ಕೆಲಸವೆಂದರೇನೆಂಬುದು ವೇದಿಕೆಯ ಮೇಲಿರುವವರಿಗೆ ತಿಳಿದಂತಿಲ್ಲವಾದುದರಿಂದ ಕೊಂಚ ವಿವರಿಸುತ್ತೇನೆ. ನನ್ನ ಬಳಿ ಇನ್ನೂರು ಪುಟಗಳ ಒಂದು ನೋಟುಪುಸ್ತಕವಿದೆ. ಅಡಿಕೆಯ ಚೊಗರು ತಗುಲಿ ಅದರ ಅಂಚೆಲ್ಲ ಕೆಂಪಾಗಿದೆ. ಒಂದೊಂದು ಮನೆಗೂ ಅದರಲ್ಲಿ ಅರ್ಧ ಪುಟ. ಹಿರಿಯ ಮಗ ಬೆಂಗಳೂರಿನ ಹೋಟೆಲಿನಲ್ಲಿದ್ದಾನೆ, ಶನಿವಾರ ರಾತ್ರಿಯ ಬಸ್ಸಿಗೆ ಹೇಳಿದರೆ ಬರುತ್ತಾನೆ. ಎರಡನೆಯ ಮಗಳು ಸೊರಬಕ್ಕೆ ಮದುವೆಯಾಗಿ ಹೋದಳು, ಇಲ್ಲಿಯ ಪಟ್ಟಿಯಲ್ಲಿ ಹೆಸರು ಹಾಗೆಯೇ ಉಳಿದಿದೆ. ಸೊಸೆಯ ಹೆಸರು ಸೇರಿಸಲು ನಮೂನೆ 6 ತುಂಬಿಸಬೇಕು. ಅಜ್ಜ ತೀರಿಕೊಂಡರು, ನಮೂನೆ 7 ಕೊಡಬೇಕೆಂದರೆ ಅಜ್ಜಿ ಅಳುತ್ತಾರೆ, ತಿಂಗಳು ಬಿಟ್ಟು ಹೋಗತಕ್ಕದ್ದು. ಮತದಾನದ ದಿನ ಬೆಳಕು ಹರಿಯುವ ಮೊದಲೇ ಮತಗಟ್ಟೆ ಸೇರಿ, ಯಂತ್ರ ಸರಿಯಿದೆಯೆಂಬುದನ್ನು ತೋರಿಸಲು ಕನಿಷ್ಠ 50 ಅಣಕು ಮತಗಳನ್ನು ಹಾಕುವಾಗ ಎದುರು ಪಕ್ಷದ ಏಜೆಂಟನ ಪಕ್ಕದಲ್ಲಿಯೇ ನಿಂತು ಲೆಕ್ಕ ನೋಡಿ, ಹಗಲೆಲ್ಲ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಕುಳಿತು, ಸಂಜೆ ಚಲಾವಣೆಯಾದ ಮತಗಳ ಲೆಕ್ಕವಿರುವ ನಮೂನೆ 17ಸಿಯ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಬರುವಾಗ, ದಣಿವಿನ ಜೊತೆಗೆ ಒಂದು ಸಾರ್ವಜನಿಕ ಕಾರ್ಯವನ್ನು ನೆರವೇರಿಸಿದ ಸಮಾಧಾನವೂ ಉಂಟಾಗುತ್ತದೆ. ಆ ಸಮಾಧಾನಕ್ಕಾಗಿಯೇ ನಾನು ಇಷ್ಟು ವರ್ಷ ಈ ಕೆಲಸವನ್ನು ಮಾಡಿಕೊಂಡು ಬಂದೆ. ಇದಕ್ಕಾಗಿ ಯಾರಿಂದಲೂ ಒಂದು ಕಾಸನ್ನೂ ಮುಟ್ಟಿದವನಲ್ಲ.

ಈಗ ಅಭ್ಯರ್ಥಿಯ ವಿಷಯಕ್ಕೆ ಬರುತ್ತೇನೆ. ನಾಮಪತ್ರದ ಕಡೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ‘ಬಿ’ ಫಾರಂ ಚುನಾವಣಾಧಿಕಾರಿಯ ಕೈಸೇರಬೇಕೆಂಬುದು ನಿಯಮ. ಆ ಹೊತ್ತಿನವರೆಗೂ ಅಭ್ಯರ್ಥಿ ಯಾರೆಂಬುದು ಬೂತಿನ ಕಾರ್ಯಕರ್ತನಿಗೆ ತಿಳಿಯದಿರುವ ಪ್ರಸಂಗಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಹೆಸರು ಬೆಂಗಳೂರಿಗೆ ಹೋಯಿತು, ದೆಹಲಿಗೆ ಹೋಯಿತು, ಹೈಕಮಾಂಡಿನ ಅಂಗಳದಲ್ಲಿದೆ ಎಂಬ ಮಾತನ್ನು ಕೇಳುತ್ತ ಮಳೆಗಾಲದ ಬಸ್ಸಿಗೆ ಕಾಯುವವರಂತೆ ಕಾದಿದ್ದೇವೆ. ಹಿಂದೊಮ್ಮೆ, ಐದು ವರ್ಷ ಯಾರ ಆಡಳಿತವನ್ನು ಮನೆಮನೆಯಲ್ಲಿ ಖಂಡಿಸಿದ್ದೆವೋ ಅವರೇ ನಾಮಪತ್ರಕ್ಕೆ ಎರಡು ದಿನ ಮೊದಲು ನಮ್ಮ ಪಕ್ಷಕ್ಕೆ ಬಂದು, ನಮ್ಮ ಅಭ್ಯರ್ಥಿಯಾಗಿ ನಿಂತರು. ಮೇಲಿನವರ ಅಪ್ಪಣೆಯೆಂದು ಕರಪತ್ರ ಹಿಡಿದು ಹೊರಟೆವು. ಗದ್ದೆಯ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ ಒಬ್ಬ ಗೃಹಿಣಿ ಕರಪತ್ರದ ಚಿತ್ರವನ್ನು ನೋಡಿ, “ಹೋದ ಸಲ ಇವರ ವಿಷಯ ನೀವು ಹೇಳಿದ್ದು ಸುಳ್ಳೋ, ಈಗ ಹೇಳೋದು ಸುಳ್ಳೋ, ಒಂದು ಹೇಳಿ” ಎಂದರು. ಆಕೆಯ ಮಾತಿನಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳುವ ಇಚ್ಛೆಯಿಂದಲೇ ಕೇಳಿದ್ದರು. ನಾನು ಉತ್ತರಿಸಲಾರದೆ ಹೋದೆ. ಆ ಮನೆಗೆ ಇಂದಿಗೂ ಮೊದಲಿನ ಸಲಿಗೆಯಿಂದ ಹೋಗಲಾರೆ. ಪಕ್ಷಕ್ಕೆ ಆ ಚುನಾವಣೆಯಲ್ಲಿ ಲಾಭವಾಯಿತೋ ನಷ್ಟವಾಯಿತೋ, ಅದು ಬೇರೆ ಮಾತು. ನನ್ನ ಮಾತಿಗೆ ಊರಿನಲ್ಲಿ ಇದ್ದ ಬೆಲೆಯನ್ನು ನನ್ನನ್ನು ಕೇಳದೆ ಯಾರೋ ಖರ್ಚು ಮಾಡಿದರೆಂಬುದು ನನ್ನ ವ್ಯಥೆ.

ಹಿಂದೆ ಹೀಗಿರಲಿಲ್ಲವೆಂದು ಹೇಳಿದರೆ ಮುದುಕನ ಹಳಹಳಿಕೆಯೆಂದು ತಳ್ಳಿಹಾಕಬಾರದೆಂದು ಪ್ರಾರ್ಥಿಸುತ್ತೇನೆ. ಚರಿತ್ರೆಯೇ ಇದಕ್ಕೆ ಸಾಕ್ಷಿ. 1920ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ಹೊಸ ಸಂವಿಧಾನದಲ್ಲಿ ನಾಲ್ಕಾಣೆ ಕೊಟ್ಟ ಯಾವ ಸಾಮಾನ್ಯನಾದರೂ ಸದಸ್ಯನಾಗಬಹುದಾಗಿತ್ತು, ಸಮಿತಿಗಳು ಹಳ್ಳಿಯಿಂದ ಮೇಲಕ್ಕೆ ಬೆಳೆಯತಕ್ಕವಾಗಿದ್ದವು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸೇವಾದಳಕ್ಕೆ ಸೇರಿದ ತರುಣರ ಕಣ್ಣೆದುರಿಗೆ ಯಾವ ಚುನಾವಣೆಯೂ ಇರಲಿಲ್ಲ. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿಯ ಅಧಿವೇಶನಕ್ಕೆ ದುಡಿಯಲು ಅವರು ಸಿದ್ಧರಾಗಿದ್ದರು.

ಅಷ್ಟು ದೂರ ಹೋಗುವುದೇತಕ್ಕೆ? ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿಯೇ 1951ರಲ್ಲಿ, ಗೇಣಿಯ ಭತ್ತವನ್ನಳೆಯುವ ಕೊಳಗದ ಗಾತ್ರದ ವಿಷಯವಾಗಿ ಹುಟ್ಟಿದ ವಿವಾದವು ಭೂಮಿಯ ಒಡೆತನದ ಪ್ರಶ್ನೆಯವರೆಗೆ ಬೆಳೆದು, ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮಾರನೆಯ ವರ್ಷ ನಡೆದ ಪ್ರಥಮ ಮಹಾಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದುಬಂದರು. ಹಣವಿಲ್ಲದ ಆ ಅಭ್ಯರ್ಥಿ, ಓಟಿನ ಜೊತೆಗೆ ಒಂದು ನೋಟನ್ನೂ ಕೊಡಿರೆಂದು ಜನರನ್ನೇ ಕೇಳಿದ ಸಂಗತಿಯನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಗಮನಿಸಬೇಕಾದುದೆಂದರೆ, ಕಾಗೋಡಿನಲ್ಲಿ ಸಂಘಟನೆ ಮೊದಲು ಬಂತು, ಚುನಾವಣೆ ಆಮೇಲೆ ಬಂತು. ಲಾಠಿಯ ಏಟನ್ನು ಒಟ್ಟಿಗೆ ತಿಂದವರು ಮತವನ್ನು ಒಟ್ಟಿಗೆ ಕೇಳಿದರು. ಅವರಿಗೆ ಪುಟದ ಹೊಣೆಯನ್ನು ಯಾರೂ ವಹಿಸಬೇಕಾಗಿರಲಿಲ್ಲ.

ಇಂದು ಆ ಕ್ರಮ ತಲೆಕೆಳಗಾಗಿದೆ. ಒಂದು ಚುನಾವಣೆ ಮುಗಿದು ಮತ್ತೊಂದು ಹತ್ತಿರವಾಗುವ ತನಕ ತಾಲ್ಲೂಕು ಕಚೇರಿಯ ಬಾಗಿಲಿಗೆ ಬೀಗ. ನಮ್ಮ ಪಕ್ಷದ ನಿಯಮಾವಳಿಯಲ್ಲಿ ಬರೆದಿರುವ ಆಂತರಿಕ ಚುನಾವಣೆಯನ್ನು ನಮ್ಮ ಘಟಕದಲ್ಲಿ ನಾನು ಕಂಡಿಲ್ಲ. ಅಧ್ಯಕ್ಷರ ಹೆಸರು ಮೇಲಿನಿಂದ ಪತ್ರದಲ್ಲಿ ಬರುತ್ತದೆ. ಇದಕ್ಕೆ ಸರ್ಕಾರಗಳೂ ತಮ್ಮ ಪಾಲನ್ನು ಸೇರಿಸಿವೆ. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ಬಂದ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆದಾಗ, ಊರೂರು ತಿರುಗಿ ಕೆಲಸ ಮಾಡಿದ ಸಾಮಾನ್ಯನಿಗೆ ತಾನೂ ಒಂದು ದಿನ ಜನಪ್ರತಿನಿಧಿಯಾಗಬಹುದೆಂಬ ಆಸೆ ಮೊಳೆಯಿತು. ಆದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆಯೆಂದೂ ಮೀಸಲಾತಿಯೆಂದೂ ಕಾರಣಗಳನ್ನು ಹೇಳುತ್ತ ವರ್ಷಗಳನ್ನೇ ಕಳೆದರು. ಆಳುವ ಪಕ್ಷ ಬದಲಾಯಿತು, ವಿಳಂಬ ಬದಲಾಗಲಿಲ್ಲ. ಶಾಸಕನಾಗುವ ಶಕ್ತಿಯಿಲ್ಲದ, ಆದರೆ ತಾಲ್ಲೂಕಿನ ಕೆರೆ, ಕಾಲುಸಂಕ, ಶಾಲೆಗಳನ್ನು ಅಂಗೈಯಂತೆ ಬಲ್ಲ ಕಾರ್ಯಕರ್ತನಿಗೆ ಇದ್ದ ಒಂದೇ ಏಣಿಯನ್ನು ಹೀಗೆ ತೆಗೆದಿಟ್ಟು, ಅವನನ್ನೇ ಮತ್ತೆ ಕರೆದು ನಿನ್ನ ಬೂತನ್ನು ಗೆಲ್ಲಿಸಿಕೊಡು ಎಂದರೆ ಅವನು ಯಾವ ಉತ್ಸಾಹದಿಂದ ಹೊರಟಾನು?

ಉತ್ಸಾಹವಿಲ್ಲದೆಡೆ ಹಣ ಬರುತ್ತದೆ. ವಿಧಾನಸಭೆಯ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿಗಳ ಮಿತಿಯನ್ನು ವಿಧಿಸಿರುವ ಕಾನೂನು, ಪಕ್ಷದ ವೆಚ್ಚಕ್ಕೆ ಯಾವ ಮಿತಿಯನ್ನೂ ವಿಧಿಸಿಲ್ಲ. ನಮ್ಮ ಹಳ್ಳಿಯ ತರುಣರನ್ನು ಬಾವುಟ ಕಟ್ಟಲು ಕರೆದರೆ ದಿನಕ್ಕೆಷ್ಟು ಎಂದು ಕೇಳುತ್ತಾರೆ. ನಾನು ಅವರನ್ನು ನಿಂದಿಸಲಾರೆ. ಪಕ್ಷದಲ್ಲಿ ತಮಗೆ ಮಾತಿಲ್ಲವೆಂದು ಅವರು ಕಂಡುಕೊಂಡಿದ್ದಾರೆ. ಮಾತಿಲ್ಲದವನು ಕೂಲಿಯನ್ನಾದರೂ ಕೇಳುವುದು ಸಹಜವಷ್ಟೆ.

ಅಭ್ಯರ್ಥಿಯ ಆಯ್ಕೆಯನ್ನು ಕೆಳಗಿನವರಿಗೆ ಬಿಟ್ಟರೆ ಗುಂಪುಗಾರಿಕೆ ಹೆಚ್ಚುವುದೆಂದೂ, ಹಣವಂತರು ಸಮಿತಿಗಳನ್ನೇ ಕೊಳ್ಳುವರೆಂದೂ, ಗೆಲ್ಲುವ ಸಾಮರ್ಥ್ಯವನ್ನು ಸಮೀಕ್ಷೆಗಳಿಂದ ತಿಳಿಯುವುದೇ ಲೇಸೆಂದೂ ನಾಯಕರು ಹೇಳುತ್ತಾರೆ. ಭಯ ಪೂರ್ಣ ನಿರಾಧಾರವೆಂದು ನಾನು ಹೇಳೆನು. ಆದರೆ ಗುಂಪುಗಳೂ ಹಣವೂ ಈಗಲೂ ಇವೆ, ಕಣ್ಣಿಗೆ ಬೀಳದ ಎಡೆಯಲ್ಲಿವೆ. ಇನ್ನೂರು ಮುನ್ನೂರು ಬೂತುಗಳ ಪ್ರತಿನಿಧಿಗಳು ಒಂದು ಸಭಾಂಗಣದಲ್ಲಿ ಕುಳಿತು ಗುಪ್ತ ಮತದಿಂದ ಮೂರು ಹೆಸರುಗಳನ್ನು ಸೂಚಿಸಲಿ. ಅವುಗಳಲ್ಲಿ ಒಂದನ್ನು ಆರಿಸುವ ಅಧಿಕಾರ ಮೇಲಿನವರಿಗೇ ಇರಲಿ. ಮೂರನ್ನೂ ಬಿಡುವುದಾದರೆ ಕಾರಣವನ್ನು ಬರೆದು ಕಳುಹಿಸಲಿ. ಇಷ್ಟು ಮಾತ್ರ ನನ್ನ ಕೋರಿಕೆ.

ತಾಲ್ಲೂಕಿನ ಕಾರ್ಯಕರ್ತರ ಸಭೆ ಬರುವ ಭಾನುವಾರ ಸೇರಲಿದೆ. ಬೂತ್ ಸಮಿತಿಗಳ ಹೆಸರುಗಳನ್ನು ಅಂದೇ ಬರೆಸಬೇಕಂತೆ. ನನ್ನ ನೋಟುಪುಸ್ತಕವನ್ನು ತೆಗೆದುಕೊಂಡು ನಾನೂ ಹೋಗುವವನಿದ್ದೇನೆ. ಹೆಸರು ಬರೆಸುವ ಮೊದಲು ಈ ಕೋರಿಕೆಯನ್ನು ಎದ್ದುನಿಂತು ಓದಿ, ನಡವಳಿ ಪುಸ್ತಕದಲ್ಲಿ ದಾಖಲಿಸಬೇಕೆಂದು ಕೇಳುತ್ತೇನೆ. ದಾಖಲಾದರೆ ನನ್ನ ಬೂತಿನ ಮನೆಗಳಿಗೆ ಎಂದಿನಂತೆ ಹೋಗುತ್ತೇನೆ, ಕಾಲು ತೊಳೆಯುತ್ತಿದ್ದ ಆ ತಾಯಿಯ ಮನೆಯಿಂದಲೇ ಆರಂಭಿಸುತ್ತೇನೆ. ಇಲ್ಲವಾದರೆ ಈ ಸಲ ಪುಟದ ಹೊಣೆಗೆ ನನ್ನ ಹೆಸರನ್ನು ಬರೆಸಲಾರೆ.

ಇಂತು ತಮ್ಮ ವಿಶ್ವಾಸಿ,
ಹಳೆಯ ಕಾರ್ಯಕರ್ತನೊಬ್ಬ
ಸಾಗರ ತಾಲ್ಲೂಕು