ಬೊಜ್ಜು, ಕರುಳಿನ ಸೂಕ್ಷ್ಮಜೀವಿಗಳು ಮತ್ತು ಕ್ಯಾನ್ಸರ್: ಶಾಕಾಹಾರಿಗಳಾದ ನಾವು ನಿಶ್ಚಿಂತರೇ?



2025ರ ಫೆಬ್ರವರಿ 23ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಬೊಜ್ಜಿನ ವಿಷಯ ಎತ್ತಿ, ಅಡುಗೆ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಮಾಡಿ ಎಂದು ಕರೆ ಕೊಟ್ಟರು. ಎಣ್ಣೆ ಟಿನ್ನು ಮಾರುವ ನಮ್ಮಂಥ ವ್ಯಾಪಾರಿಗಳಿಗೆ ಇದು ನಷ್ಟದ ಮಾತು. ಆದರೂ ಸರಿಯಾದ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ, ಗಂಡಸರೂ ಹೆಂಗಸರೂ, ಮಿತಿ ಮೀರಿದ ತೂಕದವರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪೇಟೆಗಳಲ್ಲಿ ನಮ್ಮ ಜನ ಬೆಳಿಗ್ಗೆಯಿಂದ ಗಲ್ಲಾ ಪೆಟ್ಟಿಗೆ ಮುಂದೆ ಕೂತವರು ಏಳುವುದು ಊಟಕ್ಕೆ ಮಾತ್ರ. ಸಂಜೆ ಮಂಡಕ್ಕಿ, ಮಿರ್ಚಿ ಬಂದೇ ಬರುತ್ತದೆ. ಈರುಳ್ಳಿ ಇಲ್ಲದಿದ್ದರೆ ಸಾಕು, ಎಣ್ಣೆಯ ಲೆಕ್ಕ ಯಾರೂ ಕೇಳುವುದಿಲ್ಲ. ‘ನಾವು ಮಾಂಸ, ಮದ್ಯ ಮುಟ್ಟದವರು, ಆ ರೋಗ ನಮಗೆಲ್ಲಿ’ ಎಂಬ ಧೈರ್ಯ ಬೇರೆ. ಈ ಧೈರ್ಯ ಎಷ್ಟು ಗಟ್ಟಿ ಎಂಬುದೇ ಇಲ್ಲಿನ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ, ಮೈಯಲ್ಲಿ ಹೆಚ್ಚು ಕೊಬ್ಬು ಸೇರದಂತೆ ನೋಡಿಕೊಂಡರೆ 13 ಬಗೆಯ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ ಎಂದು ತೀರ್ಮಾನಿಸಿತು. ದೊಡ್ಡ ಕರುಳು, ಲಿವರ್, ಪಿತ್ತಕೋಶ, ಮೂತ್ರಪಿಂಡ, ಗರ್ಭಕೋಶ, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್ ಆ ಪಟ್ಟಿಯಲ್ಲಿವೆ. ಕೊಬ್ಬು ಯಾವುದರಿಂದ ಬಂತು, ಮಾಂಸದಿಂದಲೋ ಮೈಸೂರು ಪಾಕಿನಿಂದಲೋ ಎಂಬ ವಿನಾಯಿತಿ ಅಲ್ಲಿಲ್ಲ.

ಬೊಜ್ಜು ಕ್ಯಾನ್ಸರಿಗೆ ದಾರಿ ಮಾಡುವುದು ಹೇಗೆ? ಇನ್ಸುಲಿನ್ ಏರುವುದು, ಹಾರ್ಮೋನುಗಳ ಏರುಪೇರು, ದೇಹದೊಳಗೆ ಸದಾ ಇರುವ ಸಣ್ಣ ಉರಿಯೂತ, ಇವು ಮೊದಲಿಂದಲೂ ಹೇಳುತ್ತಿದ್ದ ಕಾರಣಗಳು. ಈಗ ಕರುಳಿನ ಬ್ಯಾಕ್ಟೀರಿಯಾಗಳ ಹೆಸರೂ ಸೇರಿದೆ. ನಮ್ಮ ಕರುಳಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಅವು ಇವೆ. ನಾವು ತಿಂದದ್ದೇ ಅವಕ್ಕೆ ಆಹಾರ. ಜಿಡ್ಡು ಹೆಚ್ಚು ತಿಂದಷ್ಟೂ ಅದನ್ನು ಕರಗಿಸಲು ಪಿತ್ತರಸ ಹೆಚ್ಚು ಸುರಿಯುತ್ತದೆ. ಅದರಲ್ಲಿ ಒಂದಿಷ್ಟನ್ನು ಕೆಲವು ಬ್ಯಾಕ್ಟೀರಿಯಾಗಳು ಡಿಆಕ್ಸಿಕೋಲಿಕ್ ಆಮ್ಲವಾಗಿ ಬದಲಿಸುತ್ತವೆ. ಬೊಜ್ಜು ಬರಿಸಿದ ಇಲಿಗಳಲ್ಲಿ ಈ ಆಮ್ಲ ಹೆಚ್ಚಿ, ಲಿವರ್ ಸೇರಿ, ಅಲ್ಲಿ ಗಡ್ಡೆ ಬೆಳೆಯಲು ನೆರವಾಯಿತೆಂದು ಜಪಾನಿನ ವಿಜ್ಞಾನಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2024ರಲ್ಲಿ ಚೀನಾದ ಸಂಶೋಧಕರು, ತೂಕ ಹೆಚ್ಚಿದ್ದ ಸ್ತನ ಕ್ಯಾನ್ಸರ್ ರೋಗಿಗಳ ಕರುಳಲ್ಲಿ ಡಿಸಲ್ಫೋವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಹೆಚ್ಚಿರುವುದನ್ನೂ, ಅದು ರೋಗನಿರೋಧಕ ಶಕ್ತಿಯನ್ನು ಅಡಗಿಸಲು ನೆರವಾಗುವ ಬಗೆಯನ್ನೂ ವರದಿ ಮಾಡಿದರು.

ಇದರಲ್ಲಿ ಬಹುಪಾಲು ಇಲಿಗಳ ಮೇಲೆ ನಡೆದ ಪ್ರಯೋಗ. ಆ ಮೂಕಜೀವಿಗಳ ವಿಷಯ ಓದುವಾಗ ಅಹಿಂಸೆಯ ಮನೆಯವರಿಗೆ ಮನಸ್ಸು ಮುದುಡುವುದು ಸಹಜ. ಅದಿರಲಿ, ಇಲಿಗೆ ಆದದ್ದು ಮನುಷ್ಯನಿಗೂ ಹಾಗೇ ಆಗುತ್ತದೆ ಎಂದು ಈಗಲೇ ಹೇಳಲಾಗದು. ಮನುಷ್ಯರ ಮೇಲೆ ನಡೆದದ್ದರಲ್ಲಿ ನನಗೆ ಮುಖ್ಯವೆನಿಸಿದ್ದು 2015ರ ಒಂದು ಅಧ್ಯಯನ. ಅಮೆರಿಕದ 20 ಕರಿಯ ಜನಾಂಗದವರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ನಾರು ಹೆಚ್ಚಿರುವ ಊಟ, ಅಲ್ಲಿಯ ಹಳ್ಳಿಯ 20 ಜನರಿಗೆ ಅಮೆರಿಕದ ಜಿಡ್ಡಿನ ಊಟ ಕೊಟ್ಟರು. ಎರಡೇ ವಾರದಲ್ಲಿ ನಾರು ತಿಂದವರ ಕರುಳಿನ ಉರಿಯೂತ ಇಳಿಯಿತು, ಜಿಡ್ಡು ತಿಂದವರದು ಏರಿತು. ನಾರಿನಂಶವನ್ನು ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ವಸ್ತುವಾಗಿ ಮಾಡುತ್ತವೆ. ಕರುಳಿನ ಒಳಪದರಕ್ಕೆ ಅದೇ ಆಹಾರ, ಅದೇ ಕಾವಲು.

ಇನ್ನು ನಮ್ಮ ಆಚರಣೆಗೆ ಬರೋಣ. ತಪಸ್ಸಿನ ಬಾಹ್ಯ ಭೇದಗಳಲ್ಲಿ ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವ ಅವಮೌದರ್ಯವಿದೆ, ತುಪ್ಪ, ಎಣ್ಣೆ, ಸಕ್ಕರೆ ಬಿಡುವ ರಸಪರಿತ್ಯಾಗವಿದೆ. ಅವು ಕರ್ಮನಿರ್ಜರೆಗಾಗಿ ಹೇಳಿದವು. ‘ನೋಡಿ, ವಿಜ್ಞಾನ ಈಗ ನಮ್ಮ ಶಾಸ್ತ್ರ ಒಪ್ಪಿತು’ ಎಂದು ವಾಟ್ಸಾಪಿನಲ್ಲಿ ಬೀಗುವುದು ನನಗೆ ಹಿಡಿಸುವುದಿಲ್ಲ. ಅಷ್ಟಕ್ಕೂ ಅವನ್ನು ಪಾಲಿಸುತ್ತಿದ್ದೇವೆಯೇ? ದಶಲಕ್ಷಣದ ಉಪವಾಸ ಮುಗಿದು ಪಾರಣೆಯ ದಿನ ಎಲೆಯ ಮೇಲೆ ನಾಲ್ಕು ಸಿಹಿ ಬೀಳುತ್ತವೆ. ಚಾತುರ್ಮಾಸದಲ್ಲಿ ಅನೇಕ ಮನೆಗಳಲ್ಲಿ ಸೊಪ್ಪು ಬಿಡುತ್ತಾರೆ. ಗಡ್ಡೆ, ಗೆಣಸು ಮೊದಲೇ ಇಲ್ಲ. ಆ ಜಾಗಕ್ಕೆ ಬರುವುದು ಕಡಲೆಹಿಟ್ಟಿನ ಸೇವು, ಮೈದಾದ ಪೂರಿ, ಕರಿದ ಹಪ್ಪಳ. ತ್ಯಾಗ ಮಾಡಿಯೂ ನಾರು ಕಡಿಮೆ, ಜಿಡ್ಡು ಹೆಚ್ಚು.

ಇದಕ್ಕೆ ಪರಿಹಾರ ನಮ್ಮ ಸಂತೆಯಲ್ಲೇ ಇದೆ. ಬಿಳಿಜೋಳದ ರೊಟ್ಟಿ, ಸಜ್ಜೆ, ನವಣೆ, ಸಿಪ್ಪೆ ಸಹಿತ ಹೆಸರುಕಾಳು, ಮಡಿಕೆಕಾಳು, ಹೀರೇಕಾಯಿ, ಅವರೆಕಾಯಿ. ಇವು ಯಾವ ನಿಯಮಕ್ಕೂ ಅಡ್ಡಬರುವುದಿಲ್ಲ. ಸ್ವಂತ ಅಂಗಡಿಯಲ್ಲೇ ಕಾಳಿನ ಮೂಟೆ ಇಟ್ಟುಕೊಂಡು ಮನೆಗೆ ಮೈದಾ ಒಯ್ಯುವವರನ್ನು ನಾನು ಕಂಡಿದ್ದೇನೆ.

‘ಒಳ್ಳೆಯ ಬ್ಯಾಕ್ಟೀರಿಯಾ’ ಎಂದು ಮಾರುವ ಕ್ಯಾಪ್ಸೂಲುಗಳ ಬಗ್ಗೆ ಕೆಲವರು ಕೇಳುತ್ತಾರೆ. ಅವು ಕ್ಯಾನ್ಸರ್ ತಡೆಯುತ್ತವೆ ಎಂಬುದಕ್ಕೆ ಸಾಬೀತಾದ ಆಧಾರವಿಲ್ಲ. ಮೇಲಾಗಿ ಅನೇಕ ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್. ವೈದ್ಯರೇ ಬರೆದುಕೊಟ್ಟರೆ ಸಸ್ಯಮೂಲದ ಕವಚವೇ, ಪುಡಿಯ ರೂಪದಲ್ಲಿ ಸಿಗುತ್ತದೆಯೇ ಎಂದು ಕೇಳಿ.

ಸೊಂಟದ ಸುತ್ತಳತೆ ನೋಡಲು ಬಟ್ಟೆ ಅಂಗಡಿಯ ಟೇಪು ಸಾಕು. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಅದಕ್ಕಿಂತ ತೆಳ್ಳಗಿದ್ದವರಿಗೂ ಕ್ಯಾನ್ಸರ್ ಬರುತ್ತದೆ, ಬೊಜ್ಜಿರುವ ಎಲ್ಲರಿಗೂ ಬರುವುದಿಲ್ಲ. ಆದ್ದರಿಂದ ರೋಗ ಬಂದವರ ಮನೆಗೆ ಹೋಗಿ ‘ತಿನ್ನುವುದು ಹೆಚ್ಚಾಗಿತ್ತು’ ಎನ್ನುವ ಮಾತು ಬೇಡ.

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡುವವರಿದ್ದಾರೆ, ಹೆಣ್ಣುಮಕ್ಕಳಂತೂ ಇನ್ನೂ ಹೆಚ್ಚು. ಮಲವಿಸರ್ಜನೆಯ ಕ್ರಮ ಕೆಲವು ವಾರ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಕಂಡರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಮುಂದಿನ ಚಿಕಿತ್ಸೆ ಬೇಕಾದರೆ ನಮಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಇದೆ. ಹೋಗುವಾಗ ಹಳೆಯ ರಿಪೋರ್ಟು, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.