ಬೋರ್ಡು ಓದಿದ ಮಾತ್ರಕ್ಕೆ ಕಣ್ಣು ಸರಿ ಇದೆ ಎಂದಲ್ಲ

ನಾರಾವಿ ಪೇಟೆಯ ಬಿಸಿಲಿನಿಂದ ಅಂಗಡಿಯೊಳಗೆ ಬಂದ ಕಾಕ ಒಂದೆರಡು ನಿಮಿಷ ಬಾಗಿಲಲ್ಲೇ ನಿಲ್ಲುತ್ತಾರೆ. ಸುಬಹಿಗೆ ಮಸೀದಿಗೆ ಹೊರಟವರು ಮೆಟ್ಟಿಲನ್ನು ಕಾಲಲ್ಲಿ ತಡವಿ ಇಳಿಯುತ್ತಾರೆ. ಕೇಳಿದರೆ ‘ಪ್ರಾಯ ಆಯ್ತಲ್ಲಾ’ ಎಂಬ ಉತ್ತರ. ಮನೆಯವರೂ ಹೌದೆಂದು ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾಗುವುದರಲ್ಲೇ ಕೆಲವರ ದೃಷ್ಟಿ ಹೋಗುತ್ತಿದೆ.

ನಮ್ಮ ಕಡೆ ಕಣ್ಣಿನ ಶಿಬಿರಗಳಿಗೆ ಬರವಿಲ್ಲ. ಜಮಾಅತ್‌ಗಳು, ಯುವಕರ ಸಂಘಗಳು ಶ್ರಮ ಪಟ್ಟು ನಡೆಸುತ್ತವೆ. ಅಲ್ಲಿ ಅಕ್ಷರದ ಬೋರ್ಡು ಓದಿಸುತ್ತಾರೆ, ಟಾರ್ಚು ಹಾಕಿ ಪೊರೆ ನೋಡುತ್ತಾರೆ, ಕನ್ನಡಕ ಕೊಡುತ್ತಾರೆ. 1976ರಲ್ಲಿ ಶುರುವಾದ ಸರಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಮುಖ್ಯವಾಗಿ ಪೊರೆಯ ಹಿಂದೆಯೇ ಓಡಿತು. ಅದು ತಪ್ಪಲ್ಲ, ಲಕ್ಷಾಂತರ ಜನರಿಗೆ ಬೆಳಕು ಬಂತು. ಆದರೆ ಪೊರೆ ತೆಗೆದ ಮೇಲೂ ‘ನಡುವಿನಲ್ಲಿ ಮಸುಕು’ ಎನ್ನುವ ಹಿರಿಯರಿದ್ದಾರಲ್ಲಾ, ಅವರ ತೊಂದರೆ ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ ಇರಬಹುದು.

ರೆಟಿನಾದ ಮಧ್ಯದಲ್ಲಿ ಐದಾರು ಮಿಲಿಮೀಟರ್ ಅಗಲದ ಮ್ಯಾಕುಲಾ ಎಂಬ ಜಾಗವಿದೆ. ಓದುವುದು, ಮುಖದ ಗುರುತು ಹಿಡಿಯುವುದು, ಸೂಜಿಗೆ ನೂಲು ಹಾಕುವುದು ಎಲ್ಲ ಅದರ ಕೆಲಸ. ಪ್ರಾಯವಾದಂತೆ ಕೆಲವರಲ್ಲಿ ಅದು ಸವೆಯುತ್ತದೆ. ಪೂರ್ತಿ ಕತ್ತಲೆಯಾಗುವುದಿಲ್ಲ, ಬದಿಯ ನೋಟ ಉಳಿಯುತ್ತದೆ. ಮಗ ಎದುರು ನಿಂತರೆ ಅಂಗಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ಬೋರ್ಡು ಅಳೆಯುವುದು ಒಳ್ಳೆಯ ಬೆಳಕಿನಲ್ಲಿ ಕಪ್ಪು ಅಕ್ಷರ ಕಾಣುತ್ತದೆಯೇ ಎಂಬುದನ್ನು ಮಾತ್ರ. ಮಂದ ಬೆಳಕಿನಲ್ಲಿ ನೋಡುವ ಕೋಶಗಳೇ ಬೇರೆ, ಪ್ರಾಯದಲ್ಲಿ ಮೊದಲು ಸೋಲುವುದು ಅವೇ. ಹಾಗಾಗಿ ಬೋರ್ಡು ಚೆನ್ನಾಗಿ ಓದುವವರಿಗೂ ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ತುಂಬ ಹೊತ್ತು ಬೇಕಾದರೆ ಅದು ಈ ರೋಗದ ಮೊದಲ ಸೂಚನೆ ಇದ್ದೀತು. ಇದನ್ನು ಅಳೆಯುವ ದಾರಿಗಳಿವೆ. ಸುಲಭದ್ದೆಂದರೆ, ವೈದ್ಯರು ಕಣ್ಣಿಗೆ ಸುಮಾರು ಹತ್ತು ಸೆಕೆಂಡು ಬೆಳಕು ಹಾಯಿಸಿ, ಮತ್ತೆ ಅಕ್ಷರ ಓದಲು ಎಷ್ಟು ಹೊತ್ತು ಬೇಕಾಯಿತೆಂದು ಗಡಿಯಾರ ನೋಡುವುದು. ಆರೋಗ್ಯವಂತ ಕಣ್ಣಿಗೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಸಾಕು. (ಮನೆಯಲ್ಲಿ ಮೊಬೈಲ್ ಟಾರ್ಚು ಹಿಡಿದು ಪ್ರಯೋಗ ಮಾಡಬೇಡಿ ಮಾರಾಯ್ರೆ!) ಹೃದಯಕ್ಕೆ ಇಸಿಜಿ ಇರುವಂತೆ ರೆಟಿನಾದ ವಿದ್ಯುತ್ ಅಳೆಯುವ ಇಆರ್‌ಜಿ ಕೂಡ ಇದೆ. ಆದರೆ ಅದು ಇಡೀ ರೆಟಿನಾದ ಲೆಕ್ಕ ಕೊಡುವುದರಿಂದ ಮ್ಯಾಕುಲಾದ ಸಣ್ಣ ನಷ್ಟ ಅದರಲ್ಲಿ ಮುಚ್ಚಿಹೋಗಬಹುದು. ಅದಕ್ಕೇ 1992ರಲ್ಲಿ ಜಾಗ ಜಾಗವನ್ನೂ ಬೇರೆಯಾಗಿ ಅಳೆಯುವ ವಿಧಾನ ಬಂತು. ನಗರದ ಆಸ್ಪತ್ರೆಗಳಲ್ಲಿ ಮಾಡುವ ಒಸಿಟಿ ಸ್ಕ್ಯಾನ್ ರೆಟಿನಾದ ಪದರಗಳ ಚಿತ್ರ. ಅದು ರಚನೆ ತೋರಿಸುತ್ತದೆ, ಕೆಲಸದ ಅಳತೆಯಲ್ಲ.

ಮನೆಯಲ್ಲೇ ಮಾಡಬಹುದಾದದ್ದು ಚೌಕುಳಿ ಗೆರೆಗಳ ಒಂದು ಕಾಗದ, ಸ್ವಿಸ್ ವೈದ್ಯ ಆಮ್ಸ್ಲರ್ ಬಳಕೆಗೆ ತಂದದ್ದು. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡಬೇಕು. ಮತ್ತೆ ಇನ್ನೊಂದು ಕಣ್ಣು. ಎರಡೂ ತೆರೆದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಗೆರೆ ಡೊಂಕಾಗಿ ಕಂಡರೆ, ನಡುವೆ ಕಲೆ ಕಂಡರೆ ತಡಮಾಡಬಾರದು. ಬೀಡಿ ಕಟ್ಟುವ ಉಮ್ಮನಿಗೆ ನೇರ ಕತ್ತರಿಸಿದ ಎಲೆಯ ಅಂಚು ಸೊಟ್ಟಗೆ ಕಂಡರೂ ಅದೇ ಸೂಚನೆ.

ಯಾಕೆಂದರೆ ಈ ರೋಗದಲ್ಲಿ ಎರಡು ಬಗೆ. ಹೆಚ್ಚಿನವರದ್ದು ಒಣ ಬಗೆ, ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ. ಇನ್ನೊಂದರಲ್ಲಿ ರೆಟಿನಾದ ಕೆಳಗೆ ಹೊಸ ರಕ್ತನಾಳ ಬೆಳೆದು ಸೋರುತ್ತದೆ, ವಾರಗಳಲ್ಲೇ ನೋಟ ಕಸಿಯುತ್ತದೆ. ಇದಕ್ಕೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಕೇಳಿದರೇ ಹೆದರುತ್ತಾರೆ, ಆದರೆ ಮೊದಲೇ ಮರಗಟ್ಟಿಸಿ ಕೊಡುತ್ತಾರೆ. ಒಂದು ಸಲಕ್ಕೆ ಮುಗಿಯುವುದಿಲ್ಲ, ಶುರುವಿನಲ್ಲಿ ಸಾಮಾನ್ಯವಾಗಿ ತಿಂಗಳಿಗೊಂದು ಬೇಕು. ಉಳಿದ ನೋಟ ಕಾಪಾಡಬಹುದು, ಬೇಗ ಹೋದರೆ ಸ್ವಲ್ಪ ಮರಳಲೂಬಹುದು. ತಡವಾಗಿ ಗಾಯದ ಕಲೆ ಕಟ್ಟಿದ ಮೇಲೆ ಹೆಚ್ಚೇನೂ ಮಾಡಲಾಗದು.

ಇನ್ನು ಧೂಮಪಾನ. ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಅದೇ ದೊಡ್ಡದು. ಬೀಡಿ ಕಟ್ಟಿದ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ಜಿಲ್ಲೆ ನಮ್ಮದು, ಹೀಗೆ ಬರೆಯಲು ಕಷ್ಟವೇ. ಆದರೂ ಸೇದುವವರಿಗೆ ಹೇಳದೆ ಇರಲಾಗದು. ಅಂಥವರು ಕಣ್ಣಿನ ವಿಟಮಿನ್ ಮಾತ್ರೆಯನ್ನು ಮೆಡಿಕಲ್‌ನಲ್ಲಿ ಕೇಳಿ ತಾವೇ ನುಂಗುವುದೂ ಬೇಡ. ಬೀಟಾ ಕ್ಯಾರೊಟಿನ್ ಇರುವ ಮಾತ್ರೆ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ.

ಮುಂದಿನ ಶಿಬಿರ ಇಡುವವರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಐವತ್ತು ದಾಟಿದವರಿಗೆ ಹನಿ ಹಾಕಿ ಪಾಪೆ ಅಗಲಿಸಿ ರೆಟಿನಾ ನೋಡುವ ವೈದ್ಯರನ್ನು ಕರೆಸಿ. ಚೌಕುಳಿ ಕಾಗದದ ಝೆರಾಕ್ಸ್ ಮನೆಮನೆಗೆ ಹಂಚಿ, ಖರ್ಚು ನಗಣ್ಯ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಸುಕಿರುತ್ತದೆ, ಹಿರಿಯರನ್ನು ಒಂಟಿಯಾಗಿ ಬಸ್ಸು ಹತ್ತಿಸಬೇಡಿ. ಮುಖ್ಯವಾಗಿ, ದೋಷ ಕಂಡವರನ್ನು ಚೀಟಿ ಬರೆದು ಕಳಿಸಿ ಕೈ ತೊಳೆಯುವುದಲ್ಲ. ನಾರಾವಿಯಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಎರಡನೇ ಇಂಜೆಕ್ಷನ್ನಿಗೆ ಹಿರಿಯರು ಹೋಗದೆ ಉಳಿಯಲು ಇಷ್ಟು ಸಾಕು. ಮದುವೆಗೆ, ಉರೂಸಿಗೆ ವಾಹನ ಹೊಂದಿಸುವ ನಮ್ಮ ಯುವಕರು ತಿಂಗಳಿಗೊಂದು ದಿನ ಈ ಹಿರಿಯರಿಗೂ ಒಂದು ವ್ಯಾನು ಗೊತ್ತುಮಾಡಬಹುದು.